ಸುತ್ತಿ ಬರೋ ದಾರಿ

ರಾಮದುರ್ಗ
೯ ಫೆಬ್ರುವರಿ ೨೦೦೩

ಪ್ರೀತಿಯ ಅವ್ವನಿಗೆ ಫರೀನ್ ಮಾಡುವ ಸಲಾಮು.

ನಾನಿಲ್ಲಿ ಆರಾಮ ಇದ್ದೇನೆ. ಸಾಲಿಯ ಕ್ರೀಡಾಕೂಟ ಮುಗಿಯಿತು. ಹುಡುಗಿಯರು ಖೋಖೋದಲ್ಲಿ ಗೆದ್ದರು, ಕೂಗಿ ಕೂಗಿ ನನ್ನ ದನಿ ಬಿತ್ತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಂಗಡಿಯಲ್ಲಿ ಅಬ್ರಾರಣ್ಣ ಮೊದಲು ಎತ್ತಿಕೊಳ್ಳುತ್ತಾನೆ, ನಿನ್ನ ತನಕ ಮಾತು ಬರುವಷ್ಟರಲ್ಲಿ ಜಗಳವಾಗಿರುತ್ತದೆ. ಅದಕ್ಕೇ ಈ ಪತ್ರ.

ಹೋದ ವರ್ಷ ಹಿಮಾಚಲಕ್ಕೆ ಗುಡ್ಡ ಹತ್ತುವ ತರಬೇತಿಗೆ ಹೋಗಿದ್ದೆನಲ್ಲ, ಅಲ್ಲಿ ನಾವೆಲ್ಲ ಕುರಿ ಹಿಂಡಿನಂತೆ ತರಬೇತಿ ಕೊಡುವ ಸರ್‌ಗಳ ಹಿಂದೆ ನಡೆದೆವು. ಎಲ್ಲಿ ನಿಲ್ಲಬೇಕು, ಯಾವಾಗ ಉಣ್ಣಬೇಕು, ಎಲ್ಲ ಅವರದೇ. ಈ ಸಲ ಮೇ ಸೂಟಿಯಲ್ಲಿ ನಾನು, ರೇಣು ಇಬ್ಬರೇ ಹೋಗಬೇಕೆಂದು ಮಾಡಿದ್ದೇವೆ. ರೇಣು ಗೊತ್ತಲ್ಲ, ಕಟಕೋಳದವಳು, ಸಾಲಿಯಲ್ಲಿ ಗಣಿತ ಕಲಿಸುತ್ತಾಳೆ, ನನ್ನ ಜೊತೆಗೇ ರೂಮಿನಲ್ಲಿರುತ್ತಾಳೆ. ದಿನಾ ಸಂಜೆ ನೆಲದ ಮೇಲೆ ನಕಾಶೆ ಹಾಸುತ್ತೇವೆ. ಮೂಲೆ ಮಡಚಿಕೊಳ್ಳಬಾರದೆಂದು ಜೋಳದ ಹಿಟ್ಟಿನ ಡಬ್ಬಿ ಒಂದು ಕಡೆ, ಅವಳ ಚಪ್ಪಲಿ ಒಂದು ಕಡೆ. ಕೊನೆಯ ಹಳ್ಳಿಯಿಂದ ದೇವದಾರು ಅಡವಿ, ಅದರ ಮೇಲೆ ಹುಲ್ಲುಗಾವಲು, ಅದರ ಮೇಲೆ ಹಿಮ. ಎರಡು ಶಿಖರಗಳ ನಡುವಿನ ತಗ್ಗು ದಾಟಿದರೆ ಆಚೆ ಇನ್ನೊಂದು ಕಣಿವೆ, ಅಲ್ಲಿಂದ ಬಸ್ಸು. ಡೇರೆ, ಸ್ಟೋವು, ಊಟ, ಎಲ್ಲ ನಮ್ಮ ಬೆನ್ನ ಮೇಲೆ.

ಸ್ಟಾಫ್ ರೂಮಿನಲ್ಲಿ ನಮ್ಮ ಹೆಡ್ ಮಾಸ್ತರು ಗಂಗಯ್ಯ ಸರ್ ಕೇಳಿ ನಕ್ಕರು. “ಗುಡ್ಡ ಹತ್ತೋದಂದ್ರ ಬೋರ್ಡಿನ ಮ್ಯಾಲೆ ಲೆಕ್ಕಾ ಬಿಡಿಸಿದಂಗಲ್ಲ ಟೀಚರ, ನೀವು ಅರ್ಧಕ್ಕ ಬರತೀರಿ,” ಅಂದರು. ರೇಣು ಬಿಡಬೇಕಲ್ಲ! “ಹತ್ತಿ ಬಂದು ನಿಮ್ಮ ಟೇಬಲ್ ಮ್ಯಾಲೆ ಹಿಮದ ಫೋಟೊ ಇಡತೇವ್ರಿ ಸರ್. ಆಮ್ಯಾಲೆ ಸಾಲಿ ಹುಡುಗ್ಯಾರನ್ನ ಸವದತ್ತಿ ಗುಡ್ಡಕ್ಕ ಕ್ಯಾಂಪಿಗೆ ಕರಕೊಂಡು ಹೋಗಾಕ ಪರವಾನಗಿ ಕೊಡಬೇಕು,” ಅಂದಳು. ಎಲ್ಲರೆದುರಿಗೆ ಅವರು ಹೂಂ ಅಂದಿದ್ದಾರೆ.

ನನ್ನದೊಂದು ಬೇಡಿಕೆ. ಒಳಗೆ ಹೊಕ್ಕು ಮಲಗುವ ಚೀಲದಂಥ ಗಾದಿ ಎರಡು ಬೇಕು. ಪೇಟೆಯಲ್ಲಿ ಸಿಗುವಂಥವುಗಳ ಬೆಲೆ ನಮ್ಮ ಕೈಗೆ ಎಟುಕುವಂತಿಲ್ಲ. ನಿನ್ನಷ್ಟು ಚೆಂದ ಗಾದಿ ಹೊಲಿಯುವವರು ಬೈಲಹೊಂಗಲದಲ್ಲಿ ಯಾರಿದ್ದಾರೆ?

ನಿನ್ನ ಮಗಳು
ಫರೀನ್

* * *

ಬೈಲಹೊಂಗಲ
೨೦ ಫೆಬ್ರುವರಿ ೨೦೦೩

ನನ್ನ ಮಗಳ ಫರೀನಾ, ಖುಷಿಲೆ ಬಾಳು.

ನಿನ್ನ ಪತ್ರ ಅಂಗಡಿ ಹಿಂದ ಗಾದಿ ಒಟ್ಟಲಿನ ಮ್ಯಾಲೆ ಕುಂತು ಓದಿದೆ. ನಡುವ ಅಬ್ರಾರ ಬಂದ. ಏನಬೇ ಅಂದ, ಹೇಳಿದೆ. ಹತ್ತಿ ಅರಳಿ ಹಿಂಜೋ ಮಷೀನಿನ ಸಪ್ಪಳಕ್ಕಿಂತ ಅವನ ಸಪ್ಪಳನ ಜೋರಾತು. “ಒಬ್ಬಾಕೀನ ಅಷ್ಟು ದೂರ ಹೆಂಗ ಕಳಸ್ತಿ?” ಅಂದ. ಒಬ್ಬಾಕಿ ಅಲ್ಲಪಾ, ಇಬ್ಬರದಾರ ಅಂದೆ. “ಇಬ್ಬರೂ ಹೆಣ್ಣಮಕ್ಕಳ ಅಲ್ಲೇನ?” ಅಂದ. “ಹಂಗಾರ ಮೂರು ಮಂದಿ ಆಗತೇವಿ, ನಾನೂ ಹೊಂಟೇನಿ,” ಅಂತ ನನ್ನ ಬಾಯಿಂದ ಬಂದ ಬಿಟ್ಟಿತು! ಒಳಗಿಂದ ಅವನ ಹೇಣ್ತಿ, ನಿಮ್ಮ ವೈನಿ ಜೀನತ್ ಬಾಯಿಗೆ ಸೆರಗು ಇಟಗೊಂಡು ನಗಾಕ ಹತ್ತಿದಳು.

ಆಡಿದ್ದು ಆಡಿಬಿಟ್ಟೆ, ಆಮ್ಯಾಲೆ ವಿಚಾರ ಮಾಡಿದೆ. ಯಾಕ ಹೋಗಬಾರದು? ನಿಮ್ಮಪ್ಪ ಇದ್ದಾಗ ಸುಗ್ಗಿ ಮುಗಿದ ಮ್ಯಾಲೆ ಊರೂರಿಗೆ ಗಾದಿ ಹಿಂಜಾಕ ಹೋಗತಿದ್ವಿ. ಅವರ ಹೆಗಲ ಮ್ಯಾಲೆ ಅರಳಿ ಹಿಂಜೋ ಬಿಲ್ಲು, ನನ್ನ ತಲಿ ಮ್ಯಾಲೆ ಗಂಟು, ಜೋಳಿಗ್ಯಾಗ ಅಬ್ರಾರ. ಸವದತ್ತಿ, ಕಟಕೋಳ, ರಾಮದುರ್ಗ ಎಲ್ಲಾ ಈ ಕಾಲಲೆ ನಡದೇನಿ. ಯಾರದೋ ಕಟ್ಟಿ ಮ್ಯಾಲೆ ರೊಟ್ಟಿ ಬಡಿಯೋದು, ಯಾರದೋ ಹೊಲದ ಬೇವಿನ ಗಿಡದ ಬುಡಕ ಮಲಗೋದು. ನೀ ಹುಟ್ಟೂದರಾಗ ಮಷೀನ್ ಬಂತು, ತಿರುಗೂದು ನಿಂತಿತು. ಅವರು ಹೋದ ಮ್ಯಾಲಂತೂ ನಾನು ಮನಿ, ಅಂಗಡಿ, ಅಂಗಡಿ, ಮನಿ. ನಿನ್ನ ಪತ್ರ ಓದಿ ಕಾಲು ತುರಿಸಾಕ ಹತ್ಯಾವು ನೋಡು.

ಹಿಮ ಅಂದ್ರ ಅರಳಿ ಹಿಂಜಿ ಹರವಿದಂಗ ಇರತೈತಂತ ನೀನ ಹೇಳಿದ್ದಿ. ಒಮ್ಮಿ ನೋಡತೇನಿ, ಸಾಕು.

ಗಾದಿ ಚೀಲ ಹೊಲದು ಬಸ್ಸಿಗೆ ಹಾಕೇನಿ. ಎಲ್ಲಾ ಎಳೀ ಅರಳಿ, ಒಂದು ಬೀಜ ಇಲ್ಲ. ಜೀನತ್ ಫೋನಿನ್ಯಾಗ ನನ್ನ ಕೆಮ್ಮಿನ ಬಗ್ಗೆ ಏನರ ಹೇಳಿದ್ರ ನಂಬಬ್ಯಾಡ. ಥಂಡಿ ಕೆಮ್ಮು, ಹೋಗತೈತಿ.

ನಿಮ್ಮವ್ವ
ಹುಸೇನಮಾ

* * *

ರಾಮದುರ್ಗ
೨ ಮಾರ್ಚ್ ೨೦೦೩

ಪ್ರೀತಿಯ ಅವ್ವಾ,

ನೀನು ಬರುತ್ತೀ ಅಂತ ಓದಿ ರೂಮಿನಲ್ಲಿ ಕುಣಿದುಬಿಟ್ಟೆ. ಕೆಳಗಿನ ಮನೆಯ ಬಾಯವ್ವ ಬಂದು, ಏನಾತಬೇ ಅಂತ ಕೇಳಿದರು. ಅವ್ವ ಹಿಮಾಲಯಕ್ಕೆ ಬರುತ್ತಾಳೆ ಅಂದರೆ, ಯಾವ ಹರಕೆ ಇತ್ತು ಅಂದರು!

ಇನ್ನೊಂದು ಮಾತಿದೆ. ಹೇಗೆ ಬರೆಯಲಿ ಅಂತ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ನಿನ್ನ ಗಾದಿ ಚೀಲದೊಳಗೆ ನಾವಿಬ್ಬರೂ ಮಾಳಿಗೆ ಮೇಲೆ ಮಲಗಿ ನೋಡಿದೆವು. ನಿನ್ನ ಮಡಿಲಿನಂತಿದೆ. ಆದರೆ ಅವ್ವಾ, ಅರಳಿ ನೀರು ಕುಡಿದರೆ ಬೆಚ್ಚಗಿಡುವುದಿಲ್ಲ, ಬೇಗ ಒಣಗುವುದೂ ಇಲ್ಲ. ಮೇಲೆ ಹಿಮದಲ್ಲಿ ತೊಯ್ದ ಅರಳಿಯೊಳಗೆ ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು ಅಂತ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿದ್ದರು. ಮೊದಲೇ ನಿನಗೆ ಹೇಳಬೇಕಿತ್ತು, ಹೊಳೆಯಲಿಲ್ಲ. ಬೇಜಾರಾಗಬೇಡ.

ಈಗ ದಾರಿಯ ವಿಚಾರ. ನೀನು ಬರುವುದರಿಂದ ನಕಾಶೆಯ ಮೇಲಿನ ಗೆರೆ ಅಳಿಸಿ ಬೇರೆ ಎಳೆದಿದ್ದೇವೆ. ಮೊದಲಿನಂತೆ ಆಚೆ ಕಣಿವೆಗೆ ಇಳಿದು ಅಲ್ಲಿಂದಲೇ ಬಸ್ಸು ಹತ್ತಿದರೆ ನೀನು ಈಚೆ ಉಳಿಯುತ್ತೀ. ಅದಕ್ಕೇ ಈಗ ಅದು ಸುತ್ತು ದಾರಿ. ಹಳ್ಳಿಯ ಮೇಲಿನ ತುದಿಯಿಂದ ಹತ್ತಿ, ತಗ್ಗು ದಾಟಿ, ಗುಡ್ಡದ ಬೆನ್ನಿಗೆ ಬಳಸಿ, ಹಳ್ಳದ ಗುಂಟ ಇಳಿದು, ಅದೇ ಹಳ್ಳಿಯ ಕೆಳಗಿನ ತುದಿಗೆ ಬರುವುದು. ಯಾವ ಕಡೆಯಿಂದ ಸುತ್ತಬೇಕು ಅಂತ ನನಗೂ ರೇಣುಗೂ ವಾದವಾಯಿತು. ಭಾರ ಹೊತ್ತು ಕಡಿದಾದ ಕಡೆ ಇಳಿಯುವುದಕ್ಕಿಂತ ಹತ್ತುವುದು ವಾಸಿ ಅಂತ ಕೊನೆಗೆ ನಿರ್ಧಾರವಾಯಿತು. ಹೋದ ವರ್ಷ ಆ ಹಳ್ಳಿಯಲ್ಲಿ ನಾನು ಉಳಿದಿದ್ದ ಅಜ್ಜಿಯೊಬ್ಬಳ ಮನೆಯಲ್ಲಿ ನೀನು ಇರಬೇಕು. ಎಲ್ಲಿಂದ ಹೊರಟೆವೋ ಅಲ್ಲಿಗೇ ಬರುತ್ತೇವೆ, ನಿನ್ನ ಹತ್ತಿರ.

ಆದರೆ ಒಂದು ಕರಾರು. ಡಾಕ್ಟರಿಗೆ ಎದೆ ತೋರಿಸಬೇಕು. ಹಳ್ಳಿಗಿಂತ ಮೇಲೆ ಒಂದು ಹೆಜ್ಜೆಯೂ ಇಡುವುದಿಲ್ಲ ಅಂತ ಮಾತು ಕೊಡಬೇಕು. ಮೇಲೆ ಗಾಳಿ ತೆಳುವಾಗಿರುತ್ತದೆ, ನಮ್ಮಂಥವರಿಗೇ ಉಸಿರು ಕಟ್ಟುತ್ತದೆ. ನಿನ್ನ ಕೆಮ್ಮು ಥಂಡಿಯದಲ್ಲ, ಜೀನತ್ ವೈನಿ ಎಲ್ಲ ಹೇಳಿದ್ದಾಳೆ.

ನಿನ್ನ
ಫರೀನ್

* * *

ಬೈಲಹೊಂಗಲ
೬ ಏಪ್ರಿಲ್ ೨೦೦೩

ಮಗಳ,

ಸುಳ್ಳು ಯಾಕ ಹೇಳಲಿ, ಅರಳಿ ಮಾತು ಓದಿ ಬ್ಯಾಸರಾತು. ನಮ್ಮ ನದಾಫರ ಮನ್ಯಾಗ ಹುಟ್ಟಿ, ಅರಳಿ ಮ್ಯಾಲೆ ಹೊರಳಾಡಿ ಬೆಳದ ಹುಡುಗಿ ಅರಳಿನ ಬ್ಯಾಡ ಅಂತಾಳಂತ ಸಿಟ್ಟೂ ಬಂತು. ನೀ ತಿರುಗಿ ಕಳಿಸಿದ ಚೀಲ ಅಂಗಳದಾಗ ಹಾಸಿ ಒಂದು ಕೊಡ ನೀರು ಹೊಯ್ದೆ. ಮರುದಿನ ಬಿಸಲಿಗೆ ಇಟ್ಟೆ. ಹಿಂಡಿದರ ಮತ್ತ ನೀರು. ಕೈ ಒಳಗ ಇಟ್ಟರ ಬಾವ್ಯಾಗ ಇಟ್ಟಂಗ ತಣ್ಣಗ. ಅದರಾಗ ನಿನ್ನ ಮಲಗಿಸಿದಂಗ ಅನಿಸಿತು. ಸಿಟ್ಟು ಎಲ್ಲಿ ಹೋತೋ.

ರೇಣುನ ಅವ್ವ ಸುಂದರವ್ವಗ ಹೇಳಿ ಕಳಿಸಿದೆ. ಆಕಿ ಕಟಕೋಳದ ಕುರಬರ ಕಡೆಯಿಂದ ಉಣ್ಣಿ ಕಳಿಸಿದಳು. ತೊಳದು, ಹಿಂಜಿ, ತುಂಬೇನಿ. ನಾ ಉಣ್ಣಿ ಮುಟ್ಟಿದಾಕಿ ಅಲ್ಲ, ಗಂಟು ಗಂಟಾಗೈತಿ, ಕುರಿ ವಾಸನಿ ಹೋಗವಲ್ದು. ಇದಕ್ಕೂ ನೀರು ಹಾಕಿ ನೋಡೇನಿ. ತೊಯ್ದರೂ ಬೆಚ್ಚಗ ಇರತೈತಿ. ಇದರಾಗ ಮಲಗ್ರಿ.

ಡಾಕ್ಟರ್ ಕಡೆ ಹೋಗಿದ್ದೆ. ಅರಳಿ ಧೂಳು ಎದ್ಯಾಗ ಕುಂತೈತಿ, ಇನ್ನ ಹೋಗೂದಿಲ್ಲ ಅಂದರು. ಆ ಹಳ್ಳಿ ತನಕ ಸಾವಕಾಶ ಹೋಗ್ರಿ, ಅದರಾಚೆ ಬ್ಯಾಡ ಅಂತ ಗುಳಿಗಿ ಬರದು ಕೊಟ್ಟಾರ. ನಿನ್ನಿಂದ ಮುಚ್ಚಿಟ್ಟದ್ದು ಯಾಕಂದ್ರ, ನೀ ನನ್ನ ಬಿಟ್ಟು ಹೋಗತಿ ಅಂತಲ್ಲ, ನನ್ನ ಸಲುವಾಗಿ ನೀ ಹೋಗೂದ ಬಿಡತಿ ಅಂತ. ಮಾತು ಕೊಟ್ಟೇನಿ, ಮ್ಯಾಲೆ ಹೋಗೂದಿಲ್ಲ.

ಹೋದ ಐತವಾರ ಜೀನತ್ ಜೊತಿ ಸೊಗಲದ ಗುಡ್ಡಕ್ಕ ಹೋಗಿ, ಚೀಲದಾಗ ಜೋಳ ತುಂಬಿ ಬೆನ್ನಿಗೆ ಹಾಕ್ಕೊಂಡು ಮೆಟ್ಟಲ ಹತ್ತಿ ಇಳದೆ. ನೀರಿಗೆ ಬಂದ ಹೆಣ್ಣಮಕ್ಕಳು, ಬೀಸಾಕ ಗಿರಣಿ ಈ ಕಡೆ ಇಲ್ಲಬೇ ಅಂದರು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗೋದಿ ಬೆಲ್ಲದ ಮಾದ್ಲಿ ಕಟ್ಟತೇನಿ. ಕುದಸೂದು ಬ್ಯಾಡ, ಕೆಡೂದಿಲ್ಲ, ಭಾರನೂ ಇಲ್ಲ.

ನಿಮ್ಮವ್ವ

* * *

ರಾಮದುರ್ಗ
೮ ಜೂನ್ ೨೦೦೩

ಅವ್ವಾ,

ಸಾಲಿ ಚಾಲೂ ಆಯಿತು. ಹೆಡ್ ಮಾಸ್ತರು ಎಲ್ಲರೆದುರಿಗೆ ಫೋಟೊ ಕೇಳಿದರು. ಹಿಮದ ಇಳಿಜಾರು ನೋಡಿ ನನಗೆ ಹೆದರಿಕೆಯಾಯಿತು, ತಗ್ಗು ದಾಟುವ ಮೊದಲೇ ನಾನೇ ತಿರುಗೋಣ ಅಂದೆ ಅಂತ ಹೇಳಿದೆ. ದಾರಿಯಲ್ಲಿ ನಿನಗೆ ಹೇಳಿದ್ದೂ ಅದೇ ಅಲ್ಲವೇ? ಅವರು ಸಿಟ್ಟಾಗಲಿಲ್ಲ, ನಕ್ಕರು. “ಹೆದರೋ ಟೀಚರ್ ಕೈಯಾಗ ಹುಡುಗ್ಯಾರನ್ನ ಹೆಂಗ ಕೊಡೋದು?” ಅಂದರು. ಸವದತ್ತಿ ಕ್ಯಾಂಪು ಇಲ್ಲ. ರೇಣು ತಲೆ ತಗ್ಗಿಸಿ ಕೂತಿದ್ದಳು.

ನಕಾಶೆ ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದೇನೆ. ನಾನು ಇಂಥದ್ದಕ್ಕೆ ಹುಟ್ಟಿದವಳಲ್ಲ ಅನಿಸುತ್ತದೆ. ಬರುವ ಐತವಾರ ಊರಿಗೆ ಬರುವುದಿಲ್ಲ. ಅಬ್ರಾರಣ್ಣನ ಮಾತು ಕೇಳುವ ಶಕ್ತಿ ಈಗ ಇಲ್ಲ.

ಫರೀನ್

* * *

ಬೈಲಹೊಂಗಲ
೧೩ ಜೂನ್ ೨೦೦೩

ನನ್ನ ಬಂಗಾರದಂಥ ಮಗಳಿಗೆ, ಅವ್ವನ ಮುತ್ತು.

ನಿನ್ನ ಪತ್ರದಾಗ ಹೆಚ್ಚಿಗೆ ಅಕ್ಷರ ಇಲ್ಲ, ಆದರ ಓದಾಕ ಬಾಳ ಹೊತ್ತು ಹಿಡೀತು.

ಅಬ್ರಾರ ಅಂದದ್ದು ಖರೆ. ಗಿರಾಕಿ ಮುಂದ, “ನಮ್ಮ ತಂಗಿ ಹಿಮಾಲಯ ನೋಡಿ ಹೆದರಿ ಓಡಿ ಬಂದಳ್ರಿ,” ಅಂದ. ನಾ ಸೂಜಿ ಕೆಳಗ ಇಟ್ಟೆ. “ನೀ ಹಿಮಾಲಯದ ಫೋಟೊ ಇದ್ದ ಕ್ಯಾಲೆಂಡರ್ ಬಿಟ್ಟು ಮತ್ತೇನು ನೋಡೀಪಾ?” ಅಂದೆ. ಗಿರಾಕಿನ ನಕ್ಕ. ಮುಂದ ಅವನೂ ನಕ್ಕ. ಅವನ ಮನಸು ಕೆಟ್ಟದ್ದಲ್ಲ, ನಾವು ತಿರುಗಿ ಬರೂತನಕ ದಿನಾ ದರ್ಗಾಕ್ಕ ಹೋಗಿ ಬಂದಾನಂತ ಜೀನತ್ ಹೇಳಿದಳು. ನಿನಗ ಅದನ್ನ ಹೇಳೂದಿಲ್ಲ ಅವ.

ನೀವು ಮ್ಯಾಲೆ ಇದ್ದಾಗ ನಾ ಏನು ಮಾಡಿದೆ ಅಂತ ನೀ ಕೇಳಲೂ ಇಲ್ಲ, ನಾ ಹೇಳಲೂ ಇಲ್ಲ. ಆ ಅಜ್ಜಿಗೆ ನನ್ನ ಮಾತು ತಿಳಿಯೂದಿಲ್ಲ, ನನಗ ಆಕೀದು. ಆಕಿ ಉಣ್ಣಿ ನೂಲತಿದ್ದಳು, ನಾ ಮಗ್ಗಲಕ್ಕ ಕುಂತು ಬೆರಳಲೆ ಹಿಂಜಿ ಕೊಡತಿದ್ದೆ. ಆಕಿ ನನ್ನ ಗಂಟು ಬಿಡಿಸಿ ಬಿಡಿಸಿ ನಕ್ಕಳು. ನಾ ಮಾದ್ಲಿ ಕೊಟ್ಟೆ. ತಿಂದು, ಇದರಾಗ ಏನೇನೈತಿ ಅಂತ ಕೈ ಸನ್ನಿಲೆ ಕೇಳಿದಳು. ಗೋದಿಗೆ ಏನು ಸನ್ನಿ ಮಾಡಲಿ ಹೇಳು! ನಾವಿಬ್ಬರೂ ಚಿಕ್ಕ ಹುಡುಗ್ಯಾರಂಗ ನಕ್ಕೇವಿ. ಆಕೀಗೂ ಒಬ್ಬಾಕಿ ಮಗಳದಾಳಂತ, ಗುಡ್ಡದ ಆಚೆ ಕೊಟ್ಟಾರಂತ. ಅದು ಮಾತ್ರ ಹೆಂಗೋ ತಿಳೀತು.

ಮುಂಜಾನಿ ಎದ್ದು ಹಿಮ ನೋಡಿದೆ. ಅರಳಿಯಂಗ ಇಲ್ಲಬೇ ಅದು. ಅರಳಿ ಮೆತ್ತಗ. ಅದು ನೋಡಿದರ ಬೆನ್ನು ನೆಟ್ಟಗಾಗತೈತಿ. ನಿಮ್ಮಪ್ಪ ನೋಡಬೇಕಿತ್ತು ಅನಿಸಿ ಅತ್ತೆ. ದುಃಖದಿಂದಲ್ಲ.

ನೀವಿಬ್ಬರೂ ಇಳದು ಬಂದಾಗ ನಿನ್ನ ಮಾರಿ ಸಪ್ಪಗಿತ್ತು, ರೇಣುನ ಕಣ್ಣು ಬಾತಿದ್ದವು. ನನ್ನ ಕಂಡ ಕೂಡಲೇ ನೀ ಕೇಳಿದ್ದಿ: ನಾವು ಸುತ್ತಿ ಕೆಳಗಿನ ತುದೀಲೆ ಬರಬೇಕಿತ್ತು, ನೀ ಮ್ಯಾಲಿನ ತುದ್ಯಾಗ ಯಾಕ ನಿಂತಿದ್ದಿ ಅಂತ. ಕರುಳು ಹೇಳಿತು ಅಂದೆ. ನಂಬಿದಿ.

ಸುತ್ತು ಪೂರಾ ಆಗಲಿಲ್ಲ, ಖರೆ. ಇಬ್ಬರು ಹೋಗಿದ್ರಿ, ಇಬ್ಬರೂ ಬಂದ್ರಿ. ನನಗ ಅದ ಸುತ್ತು. ಹೆಡ್ ಮಾಸ್ತರ ಈ ವರ್ಷ ಬ್ಯಾಡ ಅಂದ್ರ ಬರೂ ವರ್ಷ ಮತ್ತ ಕೇಳು. ನಕಾಶಿ ಟ್ರಂಕಿನಿಂದ ಹೊರಗ ತಗಿ, ಸೀರಿ ತಳಕ ಇಟ್ಟರ ಹುಳಾ ಹತ್ತತೈತಿ.

ಐತವಾರ ಬಾ. ರೇಣುನ್ನೂ ಕರಕೊಂಡು ಬಾ, ಬ್ಯಾಡ ಅಂದರೂ ಬಿಡಬ್ಯಾಡ. ಶೇಂಗಾ ಹೋಳಗಿ ಮಾಡತೇನಿ.

ನಿನ್ನ ದಾರಿ ನೋಡಾಕಿ,
ಅವ್ವ

ತಾ.ಕ. ಕರುಳು ಏನೂ ಹೇಳಲಿಲ್ಲ. ಕಣ್ಣಾರೆ ನೋಡಿದ್ದೆ. ನೀವು ತಗ್ಗು ದಾಟೋ ದಿನ ಅಜ್ಜಿ ಕುರಿ ಹೊಡಕೊಂಡು ಎದುರಿನ ಗುಡ್ಡಕ್ಕ ಹೊಂಟಳು, ನನಗ ತಡಕೊಳ್ಳಾಕ ಆಗಲಿಲ್ಲ, ಬೆನ್ನ ಹತ್ತಿದೆ. ಕುಂತು ಕುಂತು, ಉಸಿರು ತಗೊಂಡು ತಗೊಂಡು ಹತ್ತಿದೆ. ಬೈ, ಆದರ ಪತ್ರದಾಗ ಬೈ, ಜೀನತ್ ಮುಂದ ಬ್ಯಾಡ. ಅಲ್ಲಿಂದ ನಿಮ್ಮ ಹಿಮದ ಇಳಿಜಾರು ಎದುರಿನ ಗ್ವಾಡಿಯಂಗ ಕಾಣತಿತ್ತು. ಇಬ್ಬರೂ ಇರಿವಿಯಂಗ ಕಂಡ್ರಿ. ಒಬ್ಬಾಕಿ ಕುಂತ ಬಿಟ್ಟಳು, ಏಳಲೇ ಇಲ್ಲ. ಇನ್ನೊಬ್ಬಾಕಿ ಇನ್ನಷ್ಟು ಮ್ಯಾಲೆ ಹೋಗಿದ್ದಳು, ತುದಿ ಹತ್ತರನ ಇತ್ತು. ಹೊಳ್ಳಿ ನೋಡಿದಳು, ಇಳದು ಬಂದಳು, ಮಗ್ಗಲಕ್ಕ ಕುಂತಳು. ಆಮ್ಯಾಲೆ ಒಂದು ಚೀಲ ಬೆನ್ನಿಗೆ, ಒಂದು ಚೀಲ ಎದಿಗೆ ಹಾಕ್ಕೊಂಡು, ಕುಂತಾಕಿ ಕೈ ಹಿಡಕೊಂಡು, ಒಂದೊಂದ ಹೆಜ್ಜಿ ಇಳಿಸಿದಳು. ಆ ನಡಿಗಿ ಯಾರದಂತ ನನಗ ಗೊತ್ತಾಗೂದಿಲ್ಲೇನು? ನಾನ ಕಲಿಸಿದ್ದು. ಯಾರಿಗೂ ಹೇಳಿಲ್ಲ, ಹೇಳೂದೂ ಇಲ್ಲ. ರೇಣುಗ ನನಗ ಗೊತ್ತೈತಂತ ತಿಳಿಯೂದು ಬ್ಯಾಡ. ಹೆಡ್ ಮಾಸ್ತರ ನಂಬಲಿ, ಅಬ್ರಾರ ನಂಬಲಿ. ನೀ ಮಾತ್ರ ನೀ ಹೇಳಿದ ಸುಳ್ಳು ನಂಬಬ್ಯಾಡ ಮಗಳ.