ನಾನು ಓದದ ಎರಡನೇ ಹಾಳೆ

ಖಿಯಂ ಅಣ್ಣನಿಗೆ,

ಗೋಡೆಯಾಚೆಯ ಮನೆಗೆ ಅಂಚೆಯಲ್ಲಿ ಕಾಗದ ಹಾಕುವ ಹುಚ್ಚ ತೈವಾನಿನಲ್ಲೆಲ್ಲ ಇವನೊಬ್ಬನೇ ಎಂದು ನೀನು ನಗಬಹುದು. ನಕ್ಕರೆ ನನಗೆ ಸಮಾಧಾನವೇ. ಎದುರು ಕೂತರೆ ನೀನು ಟೀ ಬಗ್ಗಿಸುತ್ತೀಯ, ನಾನು ಕುಡಿಯುತ್ತೇನೆ, ಹೇಳಬೇಕಾದದ್ದು ಹೇಳದೆಯೇ ಎದ್ದು ಬರುತ್ತೇನೆ. ಮೂರು ತಿಂಗಳಿಂದ ಇದೇ ಆಗಿದೆ.

ಆ ಬೆಳಿಗ್ಗೆ ನೆನಪಿದೆಯಲ್ಲ? ನಾವು ದಿನವೂ ಟೀಗೆ ಕೂರುವ ದೇವಸ್ಥಾನದ ಅಂಗಳದ ಟಿವಿಯಲ್ಲಿ ಅಮೆರಿಕದ ಅಧ್ಯಕ್ಷರು ಒಂದೊಂದೇ ದೇಶದ ಹೆಸರು ಹಿಡಿದು ಬೆದರಿಸುತ್ತಿದ್ದರು. ಸುಂಕ ಕಟ್ಟಿ, ಇಲ್ಲವೇ ನಿಮ್ಮ ಸರಕು ನಿಮ್ಮಲ್ಲೇ ಕೊಳೆಯಲಿ ಎಂಬ ಧಾಟಿ. "ನಮ್ಮ ಆರ್ಕಿಡ್ ಗಿಡ ಅವ್ರ ಮೇಲೇನು ದಂಡೆತ್ತಿ ಹೋಗಿತ್ತಾ?" ಎಂದು ಮುದುಕ ಲಿಮ್ ಗೊಣಗಿದ. ಆಗಲೇ ನಿನ್ನ ಮಗಳು ಸಿಯೋಕ್‌ಇನ್ ಅಮೆರಿಕದ ವ್ಯಾಪಾರಿ ಕಳಿಸಿದ ಎರಡು ಹಾಳೆಯ ಪತ್ರ ಹಿಡಿದು ಓಡಿಬಂದಳು. "ಫೋನಲ್ಲಿ ಭಾಷಾಂತರ ಮಾಡಿ ನೋಡ್ದೆ ಅಪ್ಪ, ಎರಡನೇ ಹಾಳೇಲಿ..." ಎನ್ನುವಷ್ಟರಲ್ಲಿ ನಾನು ಕೈ ಚಾಚಿದೆ. "ಫೋನಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಯಾರಮ್ಮ? ನಾನು ತೈನಾನ್ ಕಾಲೇಜಲ್ಲಿ ನಾಲ್ಕು ವರ್ಷ ಬೆಂಚು ಸವೆಸಿದೋನು." ಎಲ್ಲರೂ ನಕ್ಕರು. "ಮೇಷ್ಟ್ರು ಓದ್ತಾರೆ, ನೀ ಸುಮ್ನಿರು" ಎಂದು ನೀನೂ ಅಂದೆ. ಹಿರಿಯರ ಮಾತನ್ನು ನಾಲ್ಕು ಜನರೆದುರು ತಿದ್ದುವುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅವಳು ಹಾಳೆಗಳನ್ನು ನನ್ನ ಕೈಗಿಟ್ಟು ಹಿಂದೆ ಸರಿದಳು.

ಆ ನಾಲ್ಕು ವರ್ಷದಲ್ಲಿ ನನಗೆ ಉಳಿದಿರುವುದು ರಜಾ ಅರ್ಜಿಯ ಮೊದಲ ಎರಡು ಸಾಲು ಮತ್ತು ಒಂದಷ್ಟು ಬಿಡಿ ಪದಗಳು, ಅಷ್ಟೇ. ಮೊದಲ ಹಾಳೆ ಹೇಗೋ ದಕ್ಕಿತು: ಹೊಸ ಸುಂಕ, ಅದರ ಭಾರ ಬೆಳೆಗಾರನದು. ಎರಡನೇ ಹಾಳೆಯಲ್ಲಿ ಮಾರುದ್ದದ ವಾಕ್ಯಗಳು. ಒಂದೂ ಅರ್ಥವಾಗಲಿಲ್ಲ. ನನ್ನ ಹೆಂಡತಿ ಗ್ಯೋಕ್‌ಬೀ ಇದ್ದಾಗ ಹೇಳುತ್ತಿದ್ದಳು, "ಗೊತ್ತಿಲ್ಲ ಅನ್ನೋಕೆ ನಿಮ್ಮ ಬಾಯಿಗೇನು ಬೀಗ ಹಾಕಿದ್ದೀರಾ?" ಎಂದು. ಅವಳು ಹೋದ ಮೇಲೆ ಹಾಗೆ ಕೇಳುವವರೂ ಇಲ್ಲ. "ಉಳಿದದ್ದು ಬರೀ ವಂದನೆ, ಶುಭಾಶಯ" ಎಂದು ಹಾಳೆ ಮಡಚಿಬಿಟ್ಟೆ.

ನೀನು ಅಲ್ಲಿಂದಲೇ ಬಂದರಿಗೆ ಫೋನು ಮಾಡಿ, ಹಡಗು ಹತ್ತಲಿದ್ದ ನಿನ್ನ ಆರ್ಕಿಡ್ ಕಂಟೇನರನ್ನು ವಾಪಸು ತರಿಸಿದೆ. ವಾಪಸಿನ ಕಾಗದಪತ್ರ ಮುಗಿಯುವತನಕ ಅದು ಬಂದರಿನ ಬಿಸಿಲಲ್ಲಿ ತಂಪಿಲ್ಲದೆ ನಾಲ್ಕು ದಿನ ನಿಂತಿತು. ಮೂರು ವರ್ಷ ಸಾಕಿದ ಗಿಡಗಳು ಹಳದಿಯಾಗಿ ಮನೆಗೆ ಬಂದವು. ಆಮೇಲೆ ವ್ಯಾಪಾರಿಯೇ ದುಭಾಷಿಯೊಬ್ಬನ ಮೂಲಕ ಫೋನು ಮಾಡಿ ಕೇಳಿದ, ತಿಂಗಳ ಕೊನೆಯೊಳಗೆ ಹಡಗು ಹತ್ತಿದ ಸರಕಿಗೆ ಹೊಸ ಸುಂಕವಿಲ್ಲವೆಂದು ಎರಡನೇ ಹಾಳೆಯಲ್ಲಿ ಬರೆದಿದ್ದೆನಲ್ಲ ಎಂದು.

ನೀನು ಮಗಳ ಮೇಲೆ ಎಗರಿಬಿದ್ದೆ. "ವ್ಯಾಪಾರ ಕುದುರಿಸಿದೋಳು ನೀನು. ಮೇಷ್ಟ್ರು ಅವಸರದಲ್ಲಿ ಒಂದೆರಡು ಸಾಲು ಬಿಟ್ಟಿರಬಹುದು, ಮೊದ್ಲು ಹಾಳೆ ನಿನ್ನ ಕೈಲಿತ್ತು. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?" ನಾನು ಅಲ್ಲೇ ಕೂತಿದ್ದೆ ಅಣ್ಣ, ಟೀ ಬಟ್ಟಲಿನ ತಳ ನೋಡುತ್ತ. ಅವಳು ನನ್ನತ್ತ ಒಮ್ಮೆ ನೋಡಿ, ಎದ್ದು ಮನೆಗೆ ನಡೆದಳು. ಆ ವಾರವೇ ಚಿಯಾಯಿ ಪಟ್ಟಣಕ್ಕೆ ಹೋಗಿ ಯಾರದೋ ಹಸಿರುಮನೆಯಲ್ಲಿ ಕೂಲಿಗೆ ಸೇರಿದಳು. ಅಂದಿನಿಂದ ನೀನು ಅವಳ ಹೆಸರೆತ್ತಿಲ್ಲ.

ಅಂಗಳದಲ್ಲಿ ದಿನವೂ ಎಲ್ಲರೂ ಆ ಅಧ್ಯಕ್ಷರನ್ನು ಬೈಯುತ್ತೇವೆ. ನನ್ನ ದನಿಯೇ ಎಲ್ಲಕ್ಕಿಂತ ದೊಡ್ಡದು. ಬೆದರಿಸಿದ್ದು ಅವರೇ, ಸರಿ. ಆದರೆ ನಿನ್ನ ಮಗಳ ಬಾಯಿ ಮುಚ್ಚಿಸಿದ್ದು ಅವರಲ್ಲ.

ಮೊನ್ನೆ ಬಸ್ಸು ಹತ್ತಿ ಚಿಯಾಯಿಗೆ ಹೋಗಿದ್ದೆ. ಸಿಯೋಕ್‌ಇನ್ ಟರ್ಕಿ ಕೋಳಿಯ ಅನ್ನ ತಿನ್ನಿಸಿದಳು, ಹಣ ಕೊಡಲು ನನ್ನನ್ನು ಬಿಡಲಿಲ್ಲ. ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ನಂಗೆ ಅವತ್ತೇ ಗೊತ್ತಿತ್ತು ಚಿಕ್ಕಪ್ಪ" ಅಂದಳು. "ನಿಜ ಹೇಳಿದ್ರೆ ಅಪ್ಪ ನಿಮ್ ಜೊತೆ ಟೀ ಕುಡಿಯೋದು ಬಿಡ್ತಿದ್ರು. ಚಿಕ್ಕಮ್ಮ ಹೋದ್ಮೇಲೆ ನಿಮಗೆ ಆ ಅಂಗಳ ಬಿಟ್ರೆ ಇನ್ನೇನಿದೆ?"

ಆ ಅಂಗಳವನ್ನು ನಿನ್ನ ಮಗಳ ಹೆಸರು ಕೆಡಿಸಿ ಉಳಿಸಿಕೊಂಡಿದ್ದೇನೆ, ಅಣ್ಣ. ಇನ್ನು ಬೇಡ. ನಾಳೆಯಿಂದ ನನ್ನ ಬಟ್ಟಲು ಇಡಬೇಡ. ಈ ಕಾಗದ ಓದಿದ ಕೂಡಲೇ ಅವಳಿಗೆ ಫೋನು ಮಾಡು, ನನ್ನನ್ನು ಬೈಯುವುದು ಆಮೇಲಿರಲಿ. ಅವಳಿಗೆ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಬಿಡುವು.

ನಿಮ್ಮಿಬ್ಬರ ಮನೆ ತುಂಬಿರಲಿ.

ತಲೆ ತಗ್ಗಿಸಿ,
ಗೋಡೆಯಾಚೆಯ ತಮ್ಮ,
ಬೂನ್‌ಲಿಯಾಂಗ್