ತಿರಿವಿ ನೋಡದ ತಪ್ಪು

ಬನಹಟ್ಟಿ,
18 ಜೂನ್ 2025, ಬುಧವಾರ, ಮಧ್ಯಾಹ್ನ

ಪ್ರೀತಿಯ ನೇತ್ರಾಗ, ನಿಮ್ಮತ್ತಿ ಅನಸವ್ವ ಮಾಡೂ ಆಶೀರ್ವಾದ.

‘ಪ್ರೀತಿಯ’ ಅಂತ ಬರದದ್ದ ನೋಡಿ ನಗಬ್ಯಾಡ. ಹದಿನೆಂಟ ವರ್ಷದಾಗ ಬಾಯಿಲೆ ಒಮ್ಮಿನೂ ಅಂದಿಲ್ಲ, ಕಾಗದದಾಗ ಬರಿಯಾಕ ಸಸಾರ ಅನಸ್ತು. ನಿನ್ನ ಆರಾಮ ಹ್ಯಾಂಗೈತಿ? ತಲಿನೋವು ಕಡಿಮಿ ಆತೇನು? ನಿಮ್ಮವ್ವ ಸಾವಿತ್ರೆವ್ವನ ಮಣಕಾಲ ಈಗ ಹ್ಯಾಂಗದಾವ? ನಿಮ್ಮೂರ ಗಲಗಲಿ ಹೊಳಿಗೆ ಹೊಸಾ ನೀರ ಬಂದೈತಂತ, ಕುದಿಸಿ ಆರಿಸಿ ಕುಡೀರಿ, ಮೈಗಳ್ಳತನ ಮಾಡಬ್ಯಾಡ್ರಿ. ನಾವ ಆರಾಮ ಅದೀವಿ. ನಿನ್ನ ಗಂಡ ಮಲ್ಲಿನಾಥ ಮಗ್ಗದ ಮುಂದ ನಿಂತಾವ ನಿಂತಂಗ ಇರ್ತಾನ, ಉಂಡಿಯೇನೋ ಅಂದ್ರೂ ಹೂಂ, ಉಂಡಿಲ್ಲೇನೋ ಅಂದ್ರೂ ಹೂಂ. ನಿನ್ನ ಮಗಳು ಪ್ರತಿಮಾ ತನ್ನ ಜಡಿ ತಾನ ಹಾಕೋಳಾಕ ಕಲತಾಳ, ಸೊಟ್ಟ ಹಾಕೋತಾಳ. ಫೋನ ಬಿಟ್ಟ ಮುದಕಿ ಕಾಗದ ಯಾಕ ಬರದ್ಲು ಅಂತಿ? ಫೋನಿನ್ಯಾಗ ನೀ ‘ಹೂಂ ಅತ್ತಿ, ಆತ್ರಿ ಅತ್ತಿ’ ಅಂತ ಎರಡ ಮಾತಿಗೆ ಮುಗಸ್ತಿ, ನಾ ಅಷ್ಟರಾಗ ಒದರಾಕ ಸುರು ಮಾಡ್ತೇನಿ. ಕಾಗದ ಒದರೂದಿಲ್ಲ. ಸಾಲ್ಯಾಗ ನಾಕನೆತ್ತಾ ತನಕ ಕಲತ ಕೈ ಇದು, ಅಕ್ಷರ ತಪ್ಪಿದ್ರ ನೀನ ತಿದ್ದಿಕೊಂಡ ಓದು.

ಈಗ ಕರೆಂಟ ಹೋಗೇತಿ. ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮೆಲೆ ನಿಂತಾವ. ನಿನಗ ಗೊತ್ತೈತೆಲ್ಲ, ಈ ಸಪ್ಪಳ ನಿಂತ್ರ ನನಗ ಎಲ್ಲಿದ್ದೇನಿ ಅನ್ನೂದ ತಿಳಿಯೂದಿಲ್ಲ. ನೂಲ ಸುತ್ತೂ ಕಂಡಕಿ ಬುಟ್ಟಿ ಮಗ್ಗಲಾಗ ಇಟಗೊಂಡ, ಪಡಸಾಲಿ ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ದೆ, ಕಣ್ಣ ಹತ್ತಿಬಿಟ್ಟು. ಕನಸಿನ್ಯಾಗ ನಿಮ್ಮೂರ ಹೊಳಿ. ನೀ ದಂಡಿ ಪಾವಟಗಿ ಮೆಟ್ಟಲ ಮ್ಯಾಲ ಕುಂತ ಹೊಳ್ಯಾಗಿಂದ ನೂಲ ಜಗ್ಗಾಕತ್ತಿದ್ದಿ. ನೀರಿನ ಬಣ್ಣದ ನೂಲು, ಜಗ್ಗಿದಷ್ಟೂ ಬರತಿತ್ತು, ಎಲ್ಲೂ ಎಳಿ ಹರೀಲಿಲ್ಲ. ನಾ ಈಚಿ ದಂಡ್ಯಾಗ ನಿಂತ ಸುತ್ತಿಕೋತಿದ್ದೆ. ಇಬ್ರೂ ಮಾತಾಡ್ಲಿಲ್ಲ, ಖರೆ ಜಗಳಾನೂ ಇರಲಿಲ್ಲ. ಎಚ್ಚರಾದ ಮ್ಯಾಲೂ ಕೈಬೊಟ್ಟ ತಣ್ಣಗ ಇದ್ದಂಗ ಅನಸ್ತು. ಕಣ್ಣ ತಗದ್ರ ಎದರಿಗೆ ಪ್ರತಿಮಾ, ಕರೆಂಟ ಇಲ್ಲದ ಮನ್ಯಾಗ ಲ್ಯಾಪ್‌ಟಾಪ ತಗದ ಬರಕೋತ ಕುಂತಿದ್ಲು. ಹೂಂ, ಲ್ಯಾಪ್‌ಟಾಪ ಬಂದೈತಿ. ಆ ಹಾಳಾದ್ದಲ್ಲ, ಬ್ಯಾರೇದು. ಅದನ್ನ ಹೇಳಾಕ ಈ ಕಾಗದ.

ನೀ ತವರಮನಿಗೆ ಹೋಗಿ ಇವತ್ತಿಗೆ ಹದಿನೇಳ ದಿನ. ಆಗಿದ್ದೆಲ್ಲಾ ನಿನಗ ಗೊತ್ತೈತಿ, ಆದ್ರೂ ನಾ ಒಮ್ಮಿ ನನ್ನ ಕೈಲೇ ಬರದ ನೋಡಬೇಕಾಗೇತಿ. ಪ್ರತಿಮಾ ಪಿಯುಸಿ ಕಂಪ್ಯೂಟರ್ ಸೈನ್ಸಿಗೆ ಹಚ್ಚಿದ್ಲು, ಆಕಿ ಅದನ್ನ ಕಾಲೇಜ ಅಂತಾಳ, ನನಗ ಎಲ್ಲಾನೂ ಸಾಲಿನ. ನೀ ಮೂರ ತಿಂಗಳಿಂದ ಮೊಬೈಲಿನ್ಯಾಗ ನೋಡಿ, ಆಕಿ ಮಾಸ್ತರನ್ನ ಕೇಳಿ, ಯಾವ ಲ್ಯಾಪ್‌ಟಾಪ ತಗೋಬೇಕಂತ ವಿಚಾರ ಮಾಡಾಕತ್ತಿದ್ದಿ. ನಾ ಒಂದಿನ ನಿನಗ ಹೇಳದ, ಕೇಳದ, ನಮಗ ನೂಲ ಕೊಡೂ ಸಾವಕಾರನ ಮಾತ ಕೇಳಿ ಅವರ ಅಂಗಡ್ಯಾಗ ಕುಂತ ಒಂದ ಕೊಂಡ ಬಂದೆ. ಅವನ ಅಳಿಯಂದಂತ, ಹೊಸಾದ ಇದ್ದಂಗ ಐತಂತ. ಮೂವತ್ತ ವರ್ಷ ನೂಲ ಕೊಟ್ಟಾವ ಮೋಸ ಮಾಡ್ತಾನೇನು ಅಂತ ನಾನೂ ಚಾ ಕುಡಕೋತ ಕುಂತೆ. ಕೈಯಾಗ ಹಿಡದ ನೋಡಿದೆ, ತೂಕ ಇತ್ತು. ತೂಕಿದ್ದ ಅರಿವಿ ಬಾಳಿಕಿ ಬರ್ತೈತಿ ಅನ್ನೂದೊಂದ ನನಗ ಗೊತ್ತು. ಲ್ಯಾಪ್‌ಟಾಪಿಗೂ ಅದ ಲೆಕ್ಕ ಹಾಕಿದೆ. ‘ನಮ್ಮ ಸೊಸಿ ಮೂರ ತಿಂಗಳ ಹುಡಕಾಕತ್ತಾಳ, ನಾ ಒಂದ ತಾಸಿನ್ಯಾಗ ತಗೊಂಡೆ’ ಅಂತ ಅಲ್ಲಿ ನಾಕ ಮಂದಿ ಮುಂದ ನಕ್ಕದ್ದೂ ಖರೆ.

ಒಂಬತ್ತ ದಿನಕ್ಕ ಅದು ಕಣ್ಣ ಮುಚ್ಚಿತು. ಮುಚ್ಚಿದ ದಿನ ಬಾಜೂ ಮನಿ ಸೋಮವ್ವ ಕಾಕು ನಮ್ಮ ಕಟ್ಟಿ ಮ್ಯಾಲ ಕುಂತಿದ್ಲು, ನನಗ ಮಾರಿ ಉಳಿಸಿಕೋಬೇಕಾಗಿತ್ತು. ನಿನ್ನ ಕಡೆ ತಿರಗಿ, ನೀನ ಕೆಡಿಸಿದಿ, ನಿನ್ನ ಕೈ ಹತ್ತಿದ್ದು ಯಾವದ ಉಳದೈತಿ ಅಂದೆ. ನೀ ಅದರ ಮ್ಯಾಲಿನ ನೂಲಿನ ಧೂಳ ಒರಸಿದ್ದಿ, ಅಷ್ಟ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಕೊಟ್ಟಂಗ ಆತು. ನೀ ಒಲಿ ಆರಿಸಿ, ರೊಟ್ಟಿ ಬುಟ್ಟಿ ಮುಚ್ಚಿಟ್ಟ, ಬಸ್ಸಿಗೆ ಹೋದಿ. ಮುಂದ ಮಲ್ಲಿನಾಥ ಕರಿಯಾಕ ಬಂದಾಗ ‘ಮಾತ ಅಂದವ್ರು ಬಂದ ಕರದ್ರ ಬರ್ತೇನಿ’ ಅಂದಿಯಂತ. ಅವ ಬಂದ ನನಗ ಹೇಳಿದಾಗ ನನಗ ಸಿಟ್ಟ ಬಂತು. ಅತ್ತಿ ಆದಾಕಿ ಸೊಸಿನ್ನ ಕರಿಯಾಕ ಬೀಗರ ಬಾಗಲಿಗೆ ಹೋದದ್ದ ನಮ್ಮ ಓಣ್ಯಾಗ ಯಾರೂ ಕಂಡಿಲ್ಲ, ನನ್ನ ಅತ್ತಿ ಅಂತೂ ನಾ ಸತ್ರೂ ಬರ್ತಿರಲಿಲ್ಲ. ಇರ್ಲಿ, ಅಲ್ಲೇ ಇರ್ಲಿ ಅಂದೆ. ಅಂದ ಮರುದಿನಾನ ಚಾಕ್ಕ ಸಕ್ರಿ ಹಾಕೂದ ಮರತೆ.

ಹೋದ ಸೋಮವಾರ ಪ್ರತಿಮಾನ್ನ ಕರಕೊಂಡ ಜಮಖಂಡಿಗೆ ಹೋದೆ. ಅಲ್ಲಿ ದುರಗೇಶ ಅಂತ ಒಬ್ಬಾವ ಲ್ಯಾಪ್‌ಟಾಪ ರಿಪೇರಿ ಮಾಡ್ತಾನ, ಮಾರೂದೂ ಮಾಡ್ತಾನ. ಸಣ್ಣ ತಿರಪ ಒಂದೊಂದ ತಗದ, ಬಟ್ಟಲದಾಗ ಇಟ್ಟ, ತಳದ ತಗಡ ಎತ್ತಿ ತೋರಿಸಿದ. ಬ್ಯಾಟರಿ ರೊಟ್ಟಿ ಹಂಗ ಉಬ್ಬಿ ಕುಂತಿತ್ತು. ‘ಆಯಿ, ಇದು ನಿಮ್ಮ ಮನಿಗೆ ಬರೂಕಿಂತ ಮದಲ ಐದಾರ ವರ್ಷ ದುಡದೈತಿ, ಒಳಗ ಬ್ಯಾರೆಯವ್ರು ಕೈ ಹಾಕ್ಯಾರ. ನಿಮ್ಮ ಮನ್ಯಾಗ ಯಾರೂ ಕೆಡಿಸಿಲ್ಲ’ ಅಂದ. ತಿರಪಿನ ತಲಿ ಎಲ್ಲಾ ಗೀಚಿದ್ದು ನನಗೂ ಕಾಣಸ್ತು. ತಿರಿವಿ ಹಿಡದಿದ್ರ ಸಾವಕಾರನ ಅಂಗಡ್ಯಾಗನ ಕಾಣತಿತ್ತು. ಒಂದ ಟಾವೆಲ ತಗೊಂಡ್ರೂ ಒಳಮೈ ತಿರಿವಿ ಎಳಿ ನೋಡೂ ಹೆಂಗಸು ನಾ, ಅವತ್ತ ಬರೇ ತೂಕ ನೋಡಿದೆ. 

ಆಗ ಪ್ರತಿಮಾ ನೋಟಬುಕ್ಕಿನ್ಯಾಗಿಂದ ಒಂದ ಹಾಳಿ ತಗದ್ಲು. ನಿನ್ನ ಅಕ್ಷರ. ಮ್ಯಾಲ ಏಪ್ರಿಲ್ ತಿಂಗಳ ತಾರೀಖ. ‘ಪ್ರತಿಮಾ ಬಸ್ಸಿನ್ಯಾಗ ನಿಂತ ಹೋಗ್ತಾಳ, ಹಗುರ ಇರಬೇಕು. ಕರೆಂಟ ಇಲ್ಲದ ಐದಾರ ತಾಸ ನಡೀಬೇಕು. ರ್ಯಾಮ್ ಎಂಟಕ್ಕಿಂತ ಕಡಿಮಿ ಬ್ಯಾಡ, ಎಸ್‌ಎಸ್‌ಡಿ ಇರಬೇಕು. ಕೆಟ್ರ ಜಮಖಂಡ್ಯಾಗನ ರಿಪೇರಿ ಆಗಬೇಕು. ಬಿಲ್ಲು, ವಾರಂಟಿ ಕಾಗದ ಕೈಯಾಗ ಬಂದ ಮ್ಯಾಲ ರೊಕ್ಕ.’ ಓದಿ ಹೇಳಕೋತ ಬಂದಾಕಿ ಕೊನಿ ಸಾಲಿಗೆ ನಿಂತ್ಲು. ಓದಬೇ ಅಂದೆ. ‘ಅತ್ತಿ ಅರಿವಿ ನೋಡೂ ಹಂಗ ತಿರಿವಿ ನೋಡಬೇಕು. ನನಗ ಅಷ್ಟ ತಿಳಿಯೂದಿಲ್ಲ, ಅತ್ತಿನ್ನ ಕರಕೊಂಡ ಹೋಗಬೇಕು.’

ನೇತ್ರಾ, ನೀ ನನ್ನ ಕರಕೊಂಡ ಹೋಗಾಕಿದ್ದಿ. ನಾ ನಿನ್ನ ಬಿಟ್ಟ ಹೋಗಿದ್ದೆ. ಅಲ್ಲೇ, ಮಂದಿ ಮುಂದ, ಸೆರಗ ಕಣ್ಣಿಗೆ ಹಚ್ಚಿಕೊಂಡ ಅತ್ತೆ. ದುರಗೇಶ ಪಾಪ, ರೊಕ್ಕಕ್ಕ ಅಳಾಕತ್ತಾಳ ಅಂತ ತಿಳದ ಕಡಿಮಿದೂ ಅದಾವ್ರಿ ಆಯಿ ಅಂದ.

ಆಮ್ಯಾಲ ನಿನ್ನ ಹಾಳಿ ಹಿಡಕೊಂಡ ಕುಂತ ಆರಿಸಿದ್ವಿ. ಒಂದು ಭಾಳ ಚಂದ ಇತ್ತು, ಬೆಳ್ಳಿ ಹಂಗ ಹೊಳೀತಿತ್ತು, ರ್ಯಾಮ್ ನಾಕ, ಬ್ಯಾಡಂದ್ವಿ. ಇನ್ನೊಂದಕ್ಕ ದೊಡ್ಡ ಪರದೆ, ಪ್ರತಿಮಾನ ಚೀಲದಾಗ ಹಿಡೀಲಿಲ್ಲ. ಕಡೀಕ ಕರೇ ಬಣ್ಣದ್ದೊಂದು, ನೋಡಾಕ ಸಾದಾ, ನಿನ್ನ ಹಾಳಿಗೆ ಎಲ್ಲಾ ಕೂಡಿತು. ಮೂವತ್ತನಾಕ ಸಾವಿರ ಆತು, ಕಂಪನಿ ಸೀಲ ನಮ್ಮ ಮುಂದನ ಒಡದ. ಪ್ರತಿಮಾ ಅಕ್ಷರದ ಗುಂಡಿ ಒಂದೂ ಬಿಡದ ಒತ್ತಿ ನೋಡಿದ್ಲು. ನಾ ತಿರಿವಿ ನೋಡಿದೆ. ತಿರಪ ಎಲ್ಲಾ ಹೊಸಾವ, ಒಂದಕ್ಕೂ ಗೀಚಿಲ್ಲ. ಪುಸ್ತಕ ತುಂಬಿದ ಚೀಲದಾಗ ಹಾಕಿ, ಅಂಗಡ್ಯಾಗ ಅತ್ತಾಗಿಂದ ಇತ್ತಾಗ ನಡದಾಡಿಸಿ, ಹೆಗಲ ನೋಯತೈತೇನ ಅಂತ ಕೇಳಿ ಆಮ್ಯಾಲ ಹೂಂ ಅಂದೆ.

ಈಗ ಕರೆಂಟ ಹೋಗಿ ಎರಡ ತಾಸಾತು, ಅದಿನ್ನೂ ನಡದೈತಿ. ತಗದ ಕೂಡಲೇ ಅದರಾಗ ಒಂದ ಚಿತ್ರ ಬರ್ತೈತಿ, ಮಂಜ ಬಿದ್ದ ಹೊಳಿ, ದಂಡಿಗೆ ಒಂದ ದೋಣಿ. ಪ್ರತಿಮಾ ಏನರ ತರಾಕ ಎದ್ದ ಹೋದ್ರ ನಾ ಅದನ್ನ ನೋಡಕೋತ ಕುಂದರ್ತೇನಿ. ನೋಡಿದಷ್ಟೂ ಆ ಮಂಜಿನ್ಯಾಗ ಯಾರೋ ಕುಂತಂಗ ಅನಸ್ತೈತಿ. ನಿಂದ ಹಸರ ಸೀರಿ ಅನ್ನೂ ಅಷ್ಟರಾಗ ಪರದೆ ಆರತೈತಿ. ಆಕಿ ಬಂದ, ಆಯಿ ಏನ ನೋಡ್ತಿ ಅಂತಾಳ. ಏನಿಲ್ಲಬೇ, ನಿದ್ದಿ ಬಂದಿತ್ತು ಅಂತೇನಿ.

ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು ಅಂತಾರ. ನಾ ಆಡಿದ್ದು ಆಡಿದ್ದ. ನೀ ಬಂದ ಒಮ್ಮಿ ಆ ಲ್ಯಾಪ್‌ಟಾಪ ನೋಡು, ನಿನ್ನ ಹಾಳಿ ಪ್ರಕಾರ ಐತೋ ಇಲ್ಲೋ ಹೇಳು. ಶನಿವಾರ ಮಲ್ಲಿನಾಥ ಗಾಡಿ ತಗೊಂಡ ಕರಿಯಾಕ ಬರ್ತಾನ, ತಯಾರಾಗಿರು. ಸಾವಿತ್ರೆವ್ವಗ ನನ್ನ ಶರಣು, ನಿಮ್ಮಣ್ಣ ಪರಸಪ್ಪಗ, ಅವನ ಹೆಂಡತಿ ಮಕ್ಕಳಿಗೆ ಆಶೀರ್ವಾದ. ನೀ ಹೊತ್ತಿಗೆ ಸರಿಯಾಗಿ ಉಣ್ಣು, ನಿನಗ ದೇವ್ರ ಛಲೋದ ಮಾಡ್ಲಿ.

ನಿಮ್ಮತ್ತಿ,
ಅನಸವ್ವ

ತಾ.ಕ. ಈ ಕಾಗದ ಟಪಾಲಿಗೆ ಹಾಕಲಿಲ್ಲ. ಇವತ್ತ ಗುರುವಾರ. ಮುಂಜಾನೆ ಲಕೋಟಿ ಅಂಟಸೂ ಮದಲ ಓದಿದ್ರ, ಮಲ್ಲಿನಾಥ ಬರ್ತಾನ ಅಂತ ಬರದದ್ದು ನನಗ ಸೇರಲಿಲ್ಲ. ಅಂದಾಕಿ ನಾನು, ಕರಿಯಾಕ ಅವ ಯಾಕ? ಜಮಖಂಡ್ಯಾಗ ಬಸ್ ಬದಲಿ ಮಾಡಿ ಬಂದೇನಿ. ನಿಮ್ಮ ಓಣಿ ಗುಡಿ ಕಟ್ಟಿ ಮ್ಯಾಲ ಕುಂತ ತೊಡಿ ಮ್ಯಾಲ ಇಟಗೊಂಡ ಬರಿಯಾಕತ್ತೇನಿ, ಇಲ್ಲಿಂದ ನಿಮ್ಮ ಮನಿ ಕದ ಕಾಣಸ್ತೈತಿ. ಪರಸಪ್ಪ ಎರಡ ಸಲ ಒಳಗ ಬರ್ರಿ ಅಂದ, ನಾ ಹೋಗಲಿಲ್ಲ, ಈ ಕಾಗದ ಅವನ ಕೈಯಾಗ ಕೊಡ್ತೇನಿ. ತಪ್ಪ ನಂದು ನೇತ್ರಾ, ನಿಂದೇನೂ ಇಲ್ಲ. ಓದಿ ನೀನ ಹೊರಗ ಬಂದ ಬರ್ರಿ ಅತ್ತಿ ಅಂದ್ರ ಒಳಗ ಬರ್ತೇನಿ. ಅನ್ನಲಿಲ್ಲಂದ್ರ ನಾಕರ ಬಸ್ಸಿಗೆ ತಿರಗಿ ಹೋಗ್ತೇನಿ, ನಾಳಿ ಮತ್ತ ಬರ್ತೇನಿ.