ಹೊಂಗೆಯ ಬುಡದ ಒಳಲೆ

ಇಟ್ಟಮಡು
೧೧-೨-೧೯೭೯

ಮಾನ್ಯ ವೆಂಕಟಾಚಲ ಅವರಿಗೆ ಸಂಜೀವಯ್ಯ ಮಾಡುವ ನಮಸ್ಕಾರ.

ಗುರುವಾರದ ಗುದ್ದಲಿ ಪೂಜೆಗೆ ನಮ್ಮನ್ನೂ ಕರೆದಿರಿ, ಸಂತೋಷವಾಯಿತು. ನೀರಿಗೆ ಯೋಚನೆ ಬೇಡ, ನಮ್ಮ ಬಾವಿಯನ್ನು ಇನ್ನೂ ಮುಚ್ಚಿಲ್ಲ.

ಲೇಔಟ್ ಆಗುವ ಮೊದಲು ನಿಮ್ಮ ಸೈಟು ನಮ್ಮ ರಾಗಿ ಹೊಲವಾಗಿತ್ತೆಂದು ಮೊನ್ನೆ ಹೇಳಿದ್ದೆ. ಆಗ ನೀವು, ಹಳೆಯ ಊರುಗಳನ್ನು ಅಗೆದು ನೋಡುವುದೇ ನಿಮ್ಮ ಇಲಾಖೆಯ ಕೆಲಸ, ಸಾವಿರ ವರ್ಷದ ಮೇಲೆ ಯಾರೋ ಬಂದು ಈ ಬನಶಂಕರಿಯನ್ನೂ ಅಗೆದು ಇಲ್ಲಿ ಎಂಥವರಿದ್ದರೆಂದು ಬರೆಯುತ್ತಾರೆ ಎಂದು ನಕ್ಕಿರಿ. ಅದನ್ನು ಕೇಳಿದಾಗಿನಿಂದ ನನ್ನ ಹೆಂಡತಿ ಅಣ್ಣಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಅದಕ್ಕೇ ಈ ಕಾಗದ.

ಸೈಟಿನ ಹೊಂಗೆಮರದ ಬುಡದಲ್ಲಿ ನಮ್ಮ ಮಗಳಿದ್ದಾಳೆ. ಹಲ್ಲು ಬರುವ ಮೊದಲೇ ಹೋದ ಮಕ್ಕಳನ್ನು ನಮ್ಮಲ್ಲಿ ಹೊಲದ ಬದುವಿನಲ್ಲೇ ಮಣ್ಣು ಮಾಡುತ್ತಾರೆ. ಅವಳಿಗೆ ಹಾಲು ಕುಡಿಸುತ್ತಿದ್ದ ಹಿತ್ತಾಳೆಯ ಒಳಲೆಯನ್ನೂ ಪಕ್ಕದಲ್ಲಿಟ್ಟಿದ್ದೆವು. ಪಾಯ ತೋಡುವಾಗ ಅದು ಸಿಕ್ಕರೆ, ಹಳೆಯ ಕಾಲದ್ದೆಂದು ಕಚೇರಿಗೆ ಒಯ್ಯಬೇಡಿ. ಇದ್ದಲ್ಲೇ ಇಟ್ಟು ಮಣ್ಣು ಮುಚ್ಚಿಸಿ. ಪೂಜೆಯಲ್ಲಿ ಹಾಲು ಬಿಡುವಾಗ ಆ ಕಡೆಗೂ ಸ್ವಲ್ಪ ಬಿಡಿಸಿ. ಮನೆ ಕಟ್ಟಬೇಡಿ ಎಂದು ನಾವು ಹೇಳುವುದಿಲ್ಲ.

ಗುರುವಾರ ನಾನೊಬ್ಬನೇ ಬರುತ್ತೇನೆ. ಅಣ್ಣಮ್ಮ ಒಂದೇ ಮಾತು ತಿಳಿಸಲು ಹೇಳಿದ್ದಾಳೆ: "ಮುಂದೆ ಅಗೆಯೋರು ಅವಳನ್ನ ಆ ಮನೆಯೋರ ಮಗು ಅಂತ್ಲೇ ಬರ್ಕೊಳ್ಳಲಿ, ಪರವಾಗಿಲ್ಲ. ಯಾರೂ ಇಲ್ಲದ ಮಗು ಅನ್ನದಿದ್ರೆ ಸಾಕು."

ಇಂತಿ ತಮ್ಮ ವಿಶ್ವಾಸಿ,
ಸಂಜೀವಯ್ಯ